ರಟ್ಟಿನ ಮೇಲೆ ಐದನೇ ಕಲೆ: ಹಳೆ ಕಾರಿನ ಪೆಟ್ರೋಲ್ ಎಲ್ಲಿ ಹೋಗುತ್ತಿತ್ತು?

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನಮ್ಮದೊಂದು ಸಣ್ಣ ಗ್ಯಾರೇಜ್ ಇದೆ. ನಾನು, ನನ್ನ ಜೊತೆಗೊಬ್ಬ ಮಿಸ್ತ್ರಿ, ಕೆಲಸ ಕಲಿಯಲು ಬಂದಿರುವ ಒಬ್ಬ ಹುಡುಗ, ಇಷ್ಟೇ ಜನ. ಹೊಸ ಗಾಡಿಗಳು ಕಂಪನಿ ಸರ್ವಿಸ್‌ಗೆ ಹೋಗುತ್ತವೆ. ನಮ್ಮಲ್ಲಿಗೆ ಬರುವುದು ಹದಿನೈದು ಇಪ್ಪತ್ತು ವರ್ಷ ಓಡಿದವು. ಹೋದ ಮೇ ತಿಂಗಳಲ್ಲಿ ಗದಗಿನಿಂದ ಬಂದ ಒಂದು ಕಾರು ನಮ್ಮ ಹತ್ತಿರ ಒಂಬತ್ತು ದಿನ ನಿಂತಿತು. ಅದರಲ್ಲಿ ಎರಡು ದಿನ ಹೋಗಿದ್ದು ಸಿಟ್ಟು ಬರುವಷ್ಟು ಸಣ್ಣ ಒಂದು ದೋಷ ಹುಡುಕಲು. ನಮಗಿಂತ ಮೊದಲು ಮೂರು ಕಡೆ ಆ ಗಾಡಿಗೆ ಕೆಲಸ ಆಗಿತ್ತು, ಮೂರೂ ಕಡೆ ಸಾಮಾನು ಬದಲಾಗಿತ್ತು, ರೋಗ ಮಾತ್ರ ಹಾಗೇ ಇತ್ತು. ಇಂಥ ಗಾಡಿ ನಿಮ್ಮ ಕೈಗೂ ಬರಬಹುದು. ಅದಕ್ಕೆ ಎಲ್ಲವನ್ನೂ, ನಾವು ತಪ್ಪಿದ ಜಾಗಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ. ಕಾರಿನ ಕಂಪನಿ, ಮಾಲೀಕರ ಹೆಸರು, ಹಿಂದಿನ ಗ್ಯಾರೇಜ್‌ಗಳ ಹೆಸರು ಯಾವುದೂ ಇಲ್ಲಿ ಬೇಡ.

ಗಾಡಿ ಮತ್ತು ಅದರ ಮಾಲೀಕರು

2003ರ ಕಾರು. ಸಣ್ಣದು, ನಾಲ್ಕು ಸಿಲಿಂಡರ್, ಒಂದು ಲೀಟರ್ ಪೆಟ್ರೋಲ್ ಎಂಜಿನ್. ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ (ಒಂದೊಂದು ಸಿಲಿಂಡರಿಗೂ ಇಂಜೆಕ್ಟರ್ ಎಂಬ ಸಣ್ಣ ನಳಿಕೆಯಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಬಂದ ಹೊಸತರ ಕಾಲದ್ದು. 1 ಲಕ್ಷ 14 ಸಾವಿರ ಕಿಲೋಮೀಟರ್ ಓಡಿದೆ. ಮಾಲೀಕರು ನಿವೃತ್ತ ಮಾಸ್ತರು. ಶೋರೂಮಿನಿಂದ ತಂದ ದಿನದಿಂದ ಅವರೇ ಓಡಿಸುತ್ತಿದ್ದಾರೆ. ಮಗಳು ಧಾರವಾಡದಲ್ಲಿದ್ದಾಳೆ, ತಿಂಗಳಿಗೆ ಎರಡು ಸಲ ಗಂಡ ಹೆಂಡತಿ ಇಬ್ಬರೂ ಅಣ್ಣಿಗೇರಿ, ಹುಬ್ಬಳ್ಳಿ ಮೇಲೆ ಹೋಗಿ ಬರುತ್ತಾರೆ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್.

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಕೊಡುತ್ತೇನೆ. "ನೋಡಪಾ, ಮುಂಜಾನೆ ಗದಗಿನ್ಯಾಗ ಚಾವಿ ತಿರುವಿದ್ರ ಒಂದ ಸಲಕ್ಕ ಚಾಲೂ ಆಗ್ತದ. ಅಣ್ಣಿಗೇರಿಯೊಳಗ ಇಳದು ಚಹಾ ಕುಡದು ಬಂದು ಸೆಲ್ಫ್ ಹೊಡದ್ರ ಮುಗೀತು. ಗುರ್ ಗುರ್ ಅಂತದ, ಹಿಡಿಯೂದಿಲ್ಲ. ಎಕ್ಸಲೇಟರ್ ಪೂರಾ ಒತ್ತಿ ಹಿಡದು ಸೆಲ್ಫ್ ಹೊಡದ್ರ ಕೆಮ್ಮಿಕೋತ ಚಾಲೂ ಆಗ್ತದ, ಹಿಂದ ಕರಿ ಹೊಗಿ."

ಈ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಬಿಸಿ ಎಂಜಿನ್‌ಗೆ ಪೆಟ್ರೋಲ್ ಸಿಗದೆ ಚಾಲೂ ಆಗದಿದ್ದರೆ, ಎಕ್ಸಲೇಟರ್ ಪೂರ್ತಿ ಒತ್ತಿದರೂ ಉಪಯೋಗ ಇಲ್ಲ. ಒತ್ತಿದಾಗ ಚಾಲೂ ಆಗುತ್ತದೆ ಅಂದರೆ ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ, ಗಾಳಿ ಬೇಕಾಗಿದೆ. ಎಷ್ಟೋ ಎಂಪಿಎಫ್‌ಐ ಗಾಡಿಗಳಲ್ಲಿ ಪೆಡಲ್ ನೆಲಕ್ಕೆ ಒತ್ತಿ ಸೆಲ್ಫ್ ಹೊಡೆದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಂಜೆಕ್ಟರ್‌ಗಳನ್ನೇ ಬಂದ್ ಮಾಡುತ್ತದೆ, ತುಂಬಿದ ಪೆಟ್ರೋಲ್ ಹೊರಗೆ ಹೋಗಲಿ ಅಂತ. ಮಾಸ್ತರು ಇದನ್ನು ಯಾರಿಂದಲೂ ಕಲಿತಿರಲಿಲ್ಲ, ಅನುಭವದಿಂದ ಕಂಡುಕೊಂಡಿದ್ದರು. ನಾನು ಕೇಳಿಸಿಕೊಂಡೆ, ತಲೆ ಆಡಿಸಿದೆ, ಜಾಬ್ ಕಾರ್ಡಿನಲ್ಲಿ "ಬಿಸಿಯಲ್ಲಿ ಸ್ಟಾರ್ಟಿಂಗ್ ತೊಂದರೆ" ಅಂತಷ್ಟೇ ಬರೆದೆ. ಎಕ್ಸಲೇಟರ್ ಮಾತು ಬರೆಯಲಿಲ್ಲ. ಮೊದಲ ದಿನ ಹಾಳಾಗಿದ್ದು ಅಲ್ಲಿಂದಲೇ.

ಆಗಲೇ ಆಗಿದ್ದ ಕೆಲಸಗಳು

ಮಾರ್ಚ್‌ನಲ್ಲಿ ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ಲೈಟ್ ಹತ್ತಿತ್ತು. ಈಗಿನ ಗಾಡಿಗೆ ಹಚ್ಚುವ ಸ್ಕ್ಯಾನರ್ ಇದಕ್ಕೆ ಬರುವುದಿಲ್ಲ. ನಮ್ಮ ದೇಶದಲ್ಲಿ ಓಬಿಡಿ (ಗಾಡಿ ತನ್ನ ದೋಷ ತಾನೇ ಗುರುತಿಸಿ ಹೇಳುವ ವ್ಯವಸ್ಥೆ) ಕಡ್ಡಾಯ ಆಗಿದ್ದು ಬಿಎಸ್ 4 ಹೊಗೆ ನಿಯಮದ ಜೊತೆಗೆ, 2010ರಿಂದ ಈಚೆಗೆ. ಇಂಥ ಹಳೆ ಗಾಡಿಯಲ್ಲಿ ಡಯಾಗ್ನೋಸಿಸ್ ಕನೆಕ್ಟರಿನ ಒಂದು ಪಿನ್ನನ್ನು ತಂತಿಯಿಂದ ಅರ್ಥ್‌ಗೆ ಮುಟ್ಟಿಸಿದರೆ ಲೈಟ್ ಮಿಣುಕುತ್ತದೆ. ಎಷ್ಟು ಸಲ ಮಿಣುಕಿತು ಅಂತ ಎಣಿಸಬೇಕು. ಒಂದು ಮಿಣುಕು, ಸ್ವಲ್ಪ ಬಿಡುವು, ಮೂರು ಮಿಣುಕು: 13. ಈ ಕಾರಿನಲ್ಲಿ 13 ಅಂದರೆ ಆಕ್ಸಿಜನ್ ಸೆನ್ಸರ್, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಇಸಿಯುಗೆ ಹೇಳುವ ಸಾಧನ. ಅಲ್ಲಿ ಸೆನ್ಸರ್ ಬದಲಿಸಿದರು, ನಾಲ್ಕು ಪ್ಲಗ್ ಬದಲಿಸಿದರು. ಒಂದು ವಾರ ಲೈಟ್ ಆರಿತ್ತು, ಮತ್ತೆ ಹತ್ತಿತು.

ಏಪ್ರಿಲ್‌ನಲ್ಲಿ ಇನ್ನೊಂದು ಕಡೆ ಇಂಜೆಕ್ಟರ್ ಕ್ಲೀನಿಂಗ್. ಮೇ ಮೊದಲ ವಾರ ಮತ್ತೊಂದು ಕಡೆ, ಬಿಸಿಯಲ್ಲಿ ಪಂಪ್ ಸೋಲುತ್ತಿದೆ ಅಂತ ಟ್ಯಾಂಕ್ ಇಳಿಸಿ ಹೊಸ ಫ್ಯೂಯಲ್ ಪಂಪ್ ಹಾಕಿದರು. ಎಲ್ಲ ಸೇರಿ ಹತ್ತಿರ ಹತ್ತಿರ 17 ಸಾವಿರ ರೂಪಾಯಿ. ಪಿಂಚಣಿಯ ಮೇಲೆ ಬದುಕುವ ಮನೆಗೆ ಇದು ಸಣ್ಣ ಮೊತ್ತ ಅಲ್ಲ.

ಆ ಮಿಸ್ತ್ರಿಗಳನ್ನು ನಾನು ದೂರುವುದಿಲ್ಲ. ಬಿಸಿಯಲ್ಲಿ ಚಾಲೂ ಆಗದ ಹತ್ತು ಗಾಡಿ ಬಂದರೆ ಕೆಲವಕ್ಕೆ ನಿಜವಾಗಿಯೂ ಪಂಪೇ ಹೋಗಿರುತ್ತದೆ. ಆದರೆ ಮೂವರಲ್ಲಿ ಒಬ್ಬರೂ ಪೆಟ್ರೋಲಿನ ಪ್ರೆಷರ್ ಅಳೆದಿರಲಿಲ್ಲ. ಅಳೆಯುವ ಗೇಜ್ ಒಂದು ಇಂಜೆಕ್ಟರಿನ ಬೆಲೆಗೆ ಸಿಗುತ್ತದೆ, ಅಲ್ವಾ?

ಮೊದಲ ದಿನ ನಾವು ಮಾಡಿದ ತಪ್ಪು

ನಾನೂ ಪಿನ್ ಮುಟ್ಟಿಸಿ ಎಣಿಸಿದೆ. 13. ಸೆನ್ಸರ್ ಹೊಸದು, ಆದರೆ ಮೇಲೆ ಯಾವ ಹೆಸರೂ ಇಲ್ಲ, ಅಗ್ಗದ ನಕಲು ಮಾಲು. ಅದೇ ಕೆಟ್ಟಿದೆ ಅಂದುಕೊಂಡೆ. ನಮ್ಮ ಶೆಡ್ಡಿನಲ್ಲೇ ನಿಂತಿದ್ದ ಅದೇ ಮಾಡೆಲಿನ ಇನ್ನೊಂದು ಗಾಡಿಯಿಂದ ಚೆನ್ನಾಗಿರುವ ಸೆನ್ಸರ್ ಬಿಚ್ಚಿ ಹಾಕಿದೆ. ಉಣಕಲ್ ಕೆರೆ ತನಕ ಹೋಗಿ ಬಂದೆ. ವಾಪಸ್ ಬರುವಾಗ ಲೈಟ್ ಮತ್ತೆ ಹತ್ತಿತು. ಮಧ್ಯಾಹ್ನ ಕಳೆಯಿತು.

ಆಗ ಮಲ್ಟಿಮೀಟರ್ ತೆಗೆದೆ. ಸೆನ್ಸರಿನ ತಂತಿಯಲ್ಲಿ ವೋಲ್ಟೇಜ್ ನೋಡಿದರೆ 0.85ರಲ್ಲಿ ಅಂಟಿಕೊಂಡಿದೆ. ಚೆನ್ನಾಗಿರುವ ಗಾಡಿಯಲ್ಲಿ ಇದು 0.1ರಿಂದ 0.9ರ ನಡುವೆ ಸುಮ್ನೆ ಓಡಾಡುತ್ತಿರಬೇಕು. ಮೇಲೆ ಹೋದರೆ ಪೆಟ್ರೋಲ್ ಜಾಸ್ತಿ, ಕೆಳಗೆ ಬಂದರೆ ಗಾಳಿ ಜಾಸ್ತಿ. ಇಲ್ಲಿ ಮೇಲೆಯೇ ನಿಂತಿದೆ. ಸೆನ್ಸರ್ ಸತ್ತಿದೆಯಾ ಇಲ್ಲ ನಿಜವಾಗಿ ಪೆಟ್ರೋಲ್ ಜಾಸ್ತಿ ಇದೆಯಾ? ಇದನ್ನು ನೋಡಲು ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಹೋಗುವ ಒಂದು ಸಣ್ಣ ಪೈಪ್ ಎಳೆದೆ. ಗಾಳಿ ಒಳಗೆ ನುಗ್ಗಿತು, ಎಂಜಿನ್ ಒಂದಿಷ್ಟು ತಡವರಿಸಿತು, ವೋಲ್ಟೇಜ್ ಒಂದು ಸೆಕೆಂಡಿನೊಳಗೆ 0.15ಕ್ಕೆ ಇಳಿಯಿತು. ಪೈಪ್ ಮತ್ತೆ ಹಾಕಿದೆ. 0.85.

ಸೆನ್ಸರ್ ಚೆನ್ನಾಗಿದೆ. ಎಂಜಿನ್ನಿಗೆ ನಿಜವಾಗಿಯೂ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಸೆನ್ಸರ್ ಅದನ್ನೇ ಹೇಳುತ್ತಿದೆ. ಇಸಿಯು ಆ ಮಾತು ಕೇಳಿ ಇಂಜೆಕ್ಟರ್ ತೆರೆಯುವ ಸಮಯ ಕಡಿಮೆ ಮಾಡುತ್ತಾ ಹೋಗುತ್ತದೆ. ಎಷ್ಟು ಕಡಿಮೆ ಮಾಡಿದರೂ ವೋಲ್ಟೇಜ್ ಇಳಿಯದೆ ಇದ್ದಾಗ, ಈ ಸೆನ್ಸರ್ ಕೆಟ್ಟಿರಬೇಕು ಅಂತ 13 ಬರೆದುಕೊಳ್ಳುತ್ತದೆ. ಆ ಕೋಡ್ ನಂಬಿ ಮಾರ್ಚ್‌ನಲ್ಲಿ ಒಳ್ಳೆಯ ಸೆನ್ಸರನ್ನು ತೆಗೆದುಹಾಕಿದ್ದರು.

ನಾನು ಎಳೆದ ಪೈಪಿನಿಂದ ಒಂದು ಗೇಣು ಆಚೆಗೆ ಇನ್ನೊಂದು ಪೈಪ್ ಇತ್ತು. ಅದನ್ನು ಎಳೆದಿದ್ದರೆ ಆ ಸಂಜೆಯೇ ಕೆಲಸ ಮುಗಿಯುತ್ತಿತ್ತು. ಮುಂದೆ ಹೇಳುತ್ತೇನೆ.

ಮಾಸ್ತರ ಲೆಕ್ಕದ ಪುಸ್ತಕ

ಸಂಜೆ ಮಾಸ್ತರಿಗೆ ಫೋನ್ ಮಾಡಿ, ಸರ್, ಗಾಡಿ ಆ್ಯವರೇಜ್ ಎಷ್ಟು ಕೊಡುತ್ತಿತ್ತು ಅಂತ ಕೇಳಿದೆ. "ಡ್ಯಾಶ್‌ಬೋರ್ಡ್ ಖಾನೆಯೊಳಗ ಪುಸ್ತಕ ಅದ, ತಗದು ನೋಡಪಾ" ಅಂದರು.

ಉದ್ದನೆಯ ಲೆಕ್ಕದ ಪುಸ್ತಕ. ಗದಗಿನ ಪ್ರೆಸ್ಸಿನಲ್ಲಿ ಮಾಡಿದ ಗಟ್ಟಿ ಬೈಂಡಿಂಗ್. ತಾರೀಖು, ಮೀಟರ್, ಲೀಟರ್, ರೂಪಾಯಿ, ಕೊನೆಗೆ ಕೆಂಪು ಶಾಯಿಯಲ್ಲಿ ಆ್ಯವರೇಜ್. ಒಂದು ಸಲವೂ ತಪ್ಪಿಲ್ಲ. ಜನವರಿ ತನಕ 16ರ ಆಸುಪಾಸು. ಫೆಬ್ರವರಿಯಲ್ಲಿ 15. ಮಾರ್ಚ್‌ನಲ್ಲಿ 13. ಏಪ್ರಿಲ್‌ನಲ್ಲಿ ಹನ್ನೊಂದೂವರೆ. ಮೇ ತಿಂಗಳಲ್ಲಿ, ಹೊಸ ಪಂಪ್ ಹಾಕಿದ ಮೇಲೆ, ಹತ್ತೂವರೆ.

ಆ ಪುಟ ನೋಡಿದ ಮೇಲೆ ಪೂರ್ತಿ ಪ್ರಕರಣ ಬೇರೆ ಥರ ಕಂಡಿತು. ಬಿಸಿಯಲ್ಲಿ ಚಾಲೂ ಆಗದಿರುವುದು ಶುರುವಾಗಿದ್ದು ಏಪ್ರಿಲ್‌ನಲ್ಲಿ. ಆ್ಯವರೇಜ್ ಬೀಳುವುದು ಅದಕ್ಕಿಂತ ಎರಡು ತಿಂಗಳು ಮೊದಲೇ ಶುರುವಾಗಿದೆ, ಅದೂ ಸ್ವಲ್ಪ ಸ್ವಲ್ಪವೇ. ಸೋಲುತ್ತಿರುವ ಪಂಪ್ ಹೀಗೆ ಪೆಟ್ರೋಲ್ ಕುಡಿಸುವುದಿಲ್ಲ. ಗದಗಿನಿಂದ ಹುಬ್ಬಳ್ಳಿಗೆ 16ರ ಲೆಕ್ಕದಲ್ಲಿ ನಾಲ್ಕು ಲೀಟರಿಗಿಂತ ಕಡಿಮೆ ಸಾಕು. ಹತ್ತೂವರೆಯ ಲೆಕ್ಕದಲ್ಲಿ ಐದೂಮುಕ್ಕಾಲು ಹತ್ತಿರ. ಒಂದು ದಾರಿಗೆ ಸುಮಾರು ಎರಡು ಲೀಟರ್ ಎಲ್ಲೋ ಹೋಗುತ್ತಿದೆ, ಗಾಡಿಯ ಕೆಳಗೆ ಒಂದು ಹನಿಯೂ ಬಿದ್ದಿಲ್ಲ. ಹಾಗಾದರೆ ಹೋಗುತ್ತಿರುವುದು ಎಂಜಿನ್ನಿನ ಒಳಗೇ.

ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿದೆ. ಮೇಲಿನ ಗುರುತಿಗಿಂತ ಒಂದು ಸೆಂಟಿಮೀಟರ್ ಮೇಲೆ. ಬೆರಳಿಗೆ ಹಚ್ಚಿ ಉಜ್ಜಿದರೆ ನೀರಿನ ಹಾಗೆ ತೆಳು. ಮೂಗಿನ ಹತ್ತಿರ ತಂದರೆ ಪೆಟ್ರೋಲ್. ಮಾಸ್ತರು ಇದನ್ನೂ ನೋಡಿದ್ದರಂತೆ. "ಈ ವರ್ಷ ಆಯಿಲ್ ಕಮ್ಮಿನ ಆಗವಲ್ದು, ಚಲೋನ ಆತು" ಅಂತ ಸಮಾಧಾನ ಪಟ್ಟಿದ್ದರಂತೆ. ಸಿಲಿಂಡರ್ ಗೋಡೆಯಿಂದ ಪೆಟ್ರೋಲ್ ಕೆಳಗಿಳಿದು ಆಯಿಲ್ ಜೊತೆ ಸೇರುತ್ತಿತ್ತು. ಅಂಥ ಆಯಿಲ್ ಬೇರಿಂಗ್ ಕಾಯುವುದಿಲ್ಲ. ಇನ್ನೆರಡು ಮೂರು ತಿಂಗಳು ಹೀಗೇ ಓಡಿಸಿದ್ದರೆ ಎಂಜಿನ್ನೇ ಬಿಚ್ಚಬೇಕಾಗುತ್ತಿತ್ತೇನೋ.

ಗೇಜ್ ಹಚ್ಚಿದ ದಿನ

ಎರಡನೇ ದಿನ ಬೆಳಿಗ್ಗೆ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಪೈಪಿನ ಪ್ರೆಷರ್ ಇಳಿಸಿದೆವು. ಆಮೇಲೆ ಬ್ಯಾಟರಿ ಮೈನಸ್ ಬಿಚ್ಚಿ, ಫ್ಯೂಯಲ್ ಪೈಪಿಗೆ ಇಂಗ್ಲಿಷ್ T ಆಕಾರದ ಕವಲು ಕೂರಿಸಿ ಗೇಜ್ ಹಚ್ಚಿದೆವು. ಶೆಡ್ಡಿನ ಶಟರ್ ಎರಡೂ ಕಡೆ ಎತ್ತಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡು. ಇದನ್ನು ಬಿಟ್ಟು ಯಾರೂ ಈ ಕೆಲಸಕ್ಕೆ ಕೈ ಹಾಕಬೇಡಿ.

ಈ ಸಿಸ್ಟಮ್ ಕೆಲಸ ಮಾಡುವ ರೀತಿ ಹೀಗೆ. ಟ್ಯಾಂಕಿನ ಪಂಪ್ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲನ್ನು ಫ್ಯೂಯಲ್ ರೇಲ್‌ಗೆ, ಅಂದರೆ ಇಂಜೆಕ್ಟರುಗಳು ಕೂರುವ ಕೊಳವೆಗೆ, ತಳ್ಳುತ್ತದೆ. ರೇಲಿನ ತುದಿಯಲ್ಲಿ ಪ್ರೆಷರ್ ರೆಗ್ಯುಲೇಟರ್ ಇದೆ, ಹೆಚ್ಚಾದದ್ದನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ರೆಗ್ಯುಲೇಟರಿನ ಒಳಗೆ ರಬ್ಬರಿನ ಪರದೆ, ಅಂದರೆ ಡಯಾಫ್ರಾಮ್. ಪರದೆಯ ಒಂದು ಕಡೆ ಪೆಟ್ರೋಲ್, ಇನ್ನೊಂದು ಕಡೆ ಸ್ಪ್ರಿಂಗ್. ಸ್ಪ್ರಿಂಗ್ ಇರುವ ಕಡೆಯಿಂದ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಇಂಜೆಕ್ಟರಿನ ಹಿಂದಿರುವ ಪ್ರೆಷರ್ರಿಗೂ ಮುಂದಿರುವ ಪ್ರೆಷರ್ರಿಗೂ ವ್ಯತ್ಯಾಸ ಯಾವಾಗಲೂ ಒಂದೇ ಇರಲಿ ಅಂತ ಈ ಏರ್ಪಾಡು. ಇಸಿಯುಗೆ ಪ್ರೆಷರ್ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಇಂಜೆಕ್ಟರನ್ನು ಎಷ್ಟು ಮಿಲಿಸೆಕೆಂಡ್ ತೆರೆಯಬೇಕು ಅಂತ ಮಾತ್ರ. ಪ್ರೆಷರ್ ಸರಿಯಾಗಿದೆ ಅಂತ ನಂಬಿಕೊಂಡೇ ಅದು ಲೆಕ್ಕ ಹಾಕುತ್ತದೆ.

ಚಾವಿ ಆನ್ ಮಾಡಿದಾಗ ಗೇಜ್ 2.8 ಬಾರ್. ಐಡ್ಲಿಂಗ್‌ನಲ್ಲಿ 2.4. ಎರಡೂ ಸರಿ. ನನ್ನ ಜೊತೆಗಿನ ಮಿಸ್ತ್ರಿ, ಪ್ರೆಷರ್ ಬರೋಬರಿ ಐತಿ, ಗೇಜ್ ಬಿಚ್ಚೋಣ ಅಂದ. ಹತ್ತು ನಿಮಿಷ ನೋಡೋಣ ಇರು ಅಂದೆ. ಎಂಜಿನ್ ಬಂದ್ ಮಾಡಿ ಗೇಜ್ ನೋಡುತ್ತಾ ನಿಂತೆವು. ಚೆನ್ನಾಗಿರುವ ಗಾಡಿಯಲ್ಲಿ ಮುಳ್ಳು ಬಹಳ ಹೊತ್ತು ಕದಲಬಾರದು. ಇಲ್ಲಿ ಮೂರು ನಿಮಿಷಕ್ಕೆ 1.2, ಐದು ನಿಮಿಷಕ್ಕೆ ಸೊನ್ನೆ ಹತ್ತಿರ. ಓಡುವಾಗ ಸರಿ ಕಾಣುತ್ತದೆ, ನಿಂತ ಮೇಲೆ ಸೋರುತ್ತದೆ. ಅಣ್ಣಿಗೇರಿಯಲ್ಲಿ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಆಗುತ್ತಿದ್ದದ್ದು ಇದೇ.

ಸೋರಲು ನಾಲ್ಕು ದಾರಿ. ಪೆಟ್ರೋಲ್ ಹಿಂದಕ್ಕೆ ಹೋಗದ ಹಾಗೆ ತಡೆಯುವ ಪಂಪಿನ ಚೆಕ್ ವಾಲ್ವಿನಿಂದ ಟ್ಯಾಂಕಿಗೆ, ರೆಗ್ಯುಲೇಟರಿನಿಂದ ರಿಟರ್ನ್‌ಗೆ, ಇಂಜೆಕ್ಟರ್ ತುದಿಯಿಂದ ಸಿಲಿಂಡರಿಗೆ, ಡಯಾಫ್ರಾಮ್ ಹರಿದು ವ್ಯಾಕ್ಯೂಮ್ ಪೈಪಿಗೆ. ಮತ್ತೆ ಪ್ರೆಷರ್ ತುಂಬಿಸಿ, ಎಂಜಿನ್ ಬಂದ್ ಮಾಡಿದ ಕೂಡಲೇ ಪಂಪಿನ ಕಡೆಯ ರಬ್ಬರ್ ಪೈಪನ್ನು ನುಣ್ಣನೆ ಬಾಯಿಯ ಇಕ್ಕಳದಿಂದ ಒತ್ತಿ ಹಿಡಿದೆವು. ಮುಳ್ಳು ಇಳಿಯಿತು. ಇನ್ನೊಮ್ಮೆ, ರಿಟರ್ನ್ ಪೈಪ್ ಒತ್ತಿ. ಆಗಲೂ ಇಳಿಯಿತು. ಅಂದರೆ ಪಂಪೂ ಅಲ್ಲ, ರಿಟರ್ನೂ ಅಲ್ಲ. ಉಳಿದದ್ದು ಎರಡು.

ಇಲ್ಲಿ ನಾನು ತೆಗೆದುಕೊಂಡ ತೀರ್ಮಾನ ತಪ್ಪು ಅನ್ನಲಾರೆ, ಆದರೆ ಸರದಿ ತಪ್ಪು. ವ್ಯಾಕ್ಯೂಮ್ ಪೈಪ್ ಎಳೆದು ನೋಡಲು ಎರಡು ನಿಮಿಷ ಸಾಕು. ಇಂಜೆಕ್ಟರ್ ನೋಡಲು ರೇಲ್ ಬಿಚ್ಚಬೇಕು, ಅರ್ಧ ದಿನದ ಕೆಲಸ. ಆದರೆ ಏಪ್ರಿಲ್‌ನಲ್ಲಿ ಇಂಜೆಕ್ಟರ್ ಬಿಚ್ಚಿ ಕ್ಲೀನ್ ಮಾಡಿದ್ದಾರೆ, ಆಗಲೇ ಏನೋ ಆಗಿರಬೇಕು ಅನ್ನುವುದು ತಲೆಯಲ್ಲಿ ಕೂತಿತ್ತು. ಸಂಶಯ ಗಟ್ಟಿ ಇದ್ದ ಕಡೆ ಮೊದಲು ಹೋದೆ. ಸುಲಭದ ಪರೀಕ್ಷೆಯ ಕಡೆ ಮೊದಲು ಹೋಗಬೇಕಿತ್ತು.

ರೇಲ್ ಬಿಚ್ಚಿ ಮೇಲೆತ್ತಿದೆವು. ಪ್ರೆಷರ್ರಿಗೆ ಇಂಜೆಕ್ಟರ್ ಹಾರದ ಹಾಗೆ ಒಂದೊಂದಕ್ಕೂ ತಂತಿ ಬಿಗಿದೆವು. ಕೆಳಗೆ ಒಂದು ಉದ್ದನೆಯ ಕಂದು ರಟ್ಟು, ಬಲ್ಬಿನ ಪೆಟ್ಟಿಗೆಯನ್ನು ಹರಿದು ಮಾಡಿದ್ದು. ಇಂಜೆಕ್ಟರ್ ಕನೆಕ್ಟರ್ ನಾಲ್ಕೂ ಬಿಚ್ಚಿಟ್ಟು ಪಂಪ್ ಓಡಿಸಿ ಪ್ರೆಷರ್ ತುಂಬಿಸಿದೆವು. ಹದಿನೈದು ನಿಮಿಷ. ನಾಲ್ಕು ಇಂಜೆಕ್ಟರ್ ಕೆಳಗೂ ರಟ್ಟು ಒಣ. ಒಂದು ಚುಕ್ಕೆಯೂ ಇಲ್ಲ. ಏಪ್ರಿಲ್‌ನ ಕ್ಲೀನಿಂಗ್ ಚೆನ್ನಾಗಿಯೇ ಆಗಿತ್ತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಅಣ್ಣಾ, ಇಲ್ಲೊಂದು ಐತಿ ನೋಡ್ರಿ" ಅಂದ ಹುಡುಗ.

ರಟ್ಟಿನ ಆ ಕಡೆ ತುದಿಯಲ್ಲಿ, ಇಂಜೆಕ್ಟರ್ ಯಾವುದೂ ಇಲ್ಲದ ಜಾಗದಲ್ಲಿ, ನಾಲ್ಕಾಣೆಯಷ್ಟು ಅಗಲದ ಕಪ್ಪನೆ ಒದ್ದೆ ಕಲೆ. ನೋಡುತ್ತಿದ್ದ ಹಾಗೇ ಅದರ ಮೇಲೆ ಇನ್ನೊಂದು ಹನಿ ಬಿತ್ತು. ಮೇಲೆ ನೋಡಿದರೆ ರೆಗ್ಯುಲೇಟರ್. ರೇಲ್ ಎತ್ತಲು ಅದರ ವ್ಯಾಕ್ಯೂಮ್ ಪೈಪ್ ಬಿಚ್ಚಿದ್ದೆವು. ಪೈಪ್ ಕೂರುವ ಆ ಸಣ್ಣ ಮೂತಿಯಿಂದ ಪೆಟ್ರೋಲ್ ಹನಿಯಾಗಿ ಕಟ್ಟಿಕೊಳ್ಳುತ್ತಿತ್ತು, ತೂಗುತ್ತಿತ್ತು, ಬೀಳುತ್ತಿತ್ತು. ಆ ಮೂತಿಯಲ್ಲಿ ಬರಿ ಗಾಳಿ ಇರಬೇಕು. ಪೆಟ್ರೋಲಿನ ವಾಸನೆಯೂ ಇರಬಾರದು.

ಎಲ್ಲವೂ ಹೊಂದಿಕೊಂಡಿತು. ಪರದೆ ಬಿರುಕು ಬಿಟ್ಟಿದೆ. ಓಡುವಾಗ ಮ್ಯಾನಿಫೋಲ್ಡಿನ ಎಳೆತಕ್ಕೆ ಪೆಟ್ರೋಲ್ ಆ ಪೈಪಿನಿಂದ ನೇರ ಒಳಗೆ ಹೋಗುತ್ತಿತ್ತು. ಇಂಜೆಕ್ಟರ್ ಮೂಲಕ ಹೋಗದ, ಇಸಿಯು ಲೆಕ್ಕಕ್ಕೆ ಸಿಗದ ಪೆಟ್ರೋಲ್. ಗಾಡಿ ನಿಂತಾಗ ರೇಲಿನಲ್ಲಿ ಉಳಿದ ಪ್ರೆಷರ್ ಅದೇ ದಾರಿ ಹಿಡಿದು ಬಿಸಿ ಮ್ಯಾನಿಫೋಲ್ಡ್ ತುಂಬುತ್ತಿತ್ತು, ಅದಕ್ಕೇ ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಹಿಡಿಯುತ್ತಿರಲಿಲ್ಲ. ರಾತ್ರಿಯಿಡೀ ನಿಂತರೆ ಅದು ಆರಿ ಹೋಗುತ್ತಿತ್ತು, ಮೇಲಾಗಿ ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿಯೇ ಬೇಕು. ಹೀಗಾಗಿ ಮುಂಜಾನೆ ಒಂದೇ ಸಲಕ್ಕೆ ಚಾಲೂ.

ಸಾಮಾನು ಸಿಗದ ಆರು ದಿನ

ಹುಬ್ಬಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗಳನ್ನು ಸುತ್ತಿದೆ. ಒಂದು ಕಡೆ, ಇದೇ ತಗೊಂಡು ಹೋಗ್ರಿ, ಬರೋಬರಿ ಕೂಡತೈತಿ ಅಂತ ಬೇರೆ ಮಾಡೆಲಿನದೊಂದು ಕೊಟ್ಟರು. ನಿಜವಾಗಿಯೂ ಕೂರುತ್ತಿತ್ತು. ಅಳತೆ ಅದೇ, ಬೋಲ್ಟ್ ಅದೇ. ಮೇಲೆ ಮಾತ್ರ 3.5 ಬಾರ್ ಅಂತ ಕೊರೆದಿತ್ತು. ನಮಗೆ ಬೇಕಾದದ್ದು 2.9. ಇಂಜೆಕ್ಟರಿನಿಂದ ಹೊರಡುವ ಪೆಟ್ರೋಲ್ ಪ್ರೆಷರಿನ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. 2.9ರ ಜಾಗದಲ್ಲಿ 3.5 ಹಾಕಿದರೆ ಸುಮಾರು ಶೇಕಡಾ 10 ಜಾಸ್ತಿ. ಇಸಿಯು ಅದನ್ನು ಸರಿದೂಗಿಸಲೂಬಹುದು, ಆದರೆ ಜಾಸ್ತಿ ಪೆಟ್ರೋಲಿನ ರೋಗಕ್ಕೆ ಅದನ್ನೇ ಔಷಧಿ ಅಂತ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಗುಜರಿಯಲ್ಲಿ ಸಿಕ್ಕಿದ್ದೂ ಇಷ್ಟೇ ಹಳೆಯದು. ಅದರ ರಬ್ಬರಿಗೂ ಇಷ್ಟೇ ವಯಸ್ಸು. ಬೇಡ ಅಂದೆ. ಬೆಂಗಳೂರಿನಿಂದ ಸರಿಯಾದದ್ದು ತರಿಸಲು ಆರು ದಿನ ಹಿಡಿಯಿತು.

ಈ ನಡುವೆ ಮಾಸ್ತರ ಫೋನ್. ಹಾವೇರಿಯಲ್ಲಿ ನೆಂಟರ ಮದುವೆ, ಎರಡು ದಿನಕ್ಕೆ ಗಾಡಿ ಬೇಕು, ಆ ಪೈಪಿಗೆ ಬೂಚು ಹೊಡೆದು ಕೊಡಲು ಬರುವುದಿಲ್ಲವಾ ಅಂತ. ಈ ಪ್ರಶ್ನೆ ಸಹಜ. ಹಾಗೆ ಮಾಡಿ ಓಡಿಸುವವರೂ ಇದ್ದಾರೆ. ಆದರೆ ಬೂಚು ಹೊಡೆದರೆ ಸ್ಪ್ರಿಂಗ್ ಇರುವ ಕಡೆಯೂ ಪೆಟ್ರೋಲ್ ತುಂಬಿಕೊಳ್ಳುತ್ತದೆ. ಪರದೆಯ ಎರಡೂ ಕಡೆ ಪ್ರೆಷರ್ ಒಂದೇ ಆಗುತ್ತದೆ. ಸ್ಪ್ರಿಂಗ್ ವಾಲ್ವನ್ನು ಮುಚ್ಚಿಯೇ ಬಿಡುತ್ತದೆ, ರಿಟರ್ನ್ ಬಂದ್, ರೇಲಿನ ಪ್ರೆಷರ್ ಪಂಪಿಗೆ ಎಷ್ಟು ತಾಕತ್ತಿದೆಯೋ ಅಲ್ಲಿ ತನಕ ಏರುತ್ತದೆ. ಇಪ್ಪತ್ತು ವರ್ಷದ ರಬ್ಬರ್ ಪೈಪುಗಳು, ಮೇ ತಿಂಗಳ ಬಿಸಿಲು, ಪಕ್ಕದಲ್ಲಿ ಕಾದ ಎಂಜಿನ್. ಬೂಚು ಹಾರಿದರಂತೂ ಬಾನೆಟ್ ಕೆಳಗೆ ಪೆಟ್ರೋಲ್ ಕಾರಂಜಿ. "ಸರ್, ನಿಮ್ಮನ್ನೂ ಅಮ್ಮಾರನ್ನೂ ಈ ಗಾಡ್ಯಾಗ ಕೂಡ್ಸಿ ಕಳಸಾಕ ಆಗೂದಿಲ್ರಿ" ಅಂದೆ. ಒಂದು ಕ್ಷಣ ಸುಮ್ಮನಿದ್ದರು. "ಆತು ಬಿಡಪಾ, ಬಸ್ಸಿಗೆ ಹೋಗ್ತೀವಿ" ಅಂದರು.

ಆ ಆರು ದಿನದಲ್ಲಿ ಒಂದು ಕೆಲಸ ಮಾಡಿದೆವು. ಹಳೆ ರೆಗ್ಯುಲೇಟರಿನ ಡಬ್ಬಿಯನ್ನು ಪೆಟ್ರೋಲ್ ಪೂರ್ತಿ ಆರಿದ ಮೇಲೆ ಗರಗಸದಿಂದ ಕೈಯಲ್ಲೇ ಕೊಯ್ದೆವು. ಪರದೆ ಅಂದರೆ ಬಟ್ಟೆಗೆ ರಬ್ಬರ್ ಲೇಪಿಸಿದ ತೆಳು ಬಿಲ್ಲೆ. ನಡುವಿನ ಲೋಹದ ಗುಂಡಿಯ ಪಕ್ಕದಲ್ಲಿ, ಅದು ಮಡಚಿ ಬಿಚ್ಚಿ ಮಾಡುವ ಜಾಗದಲ್ಲಿ, ಕಿರುಬೆರಳ ಉಗುರು ಮೂಡಿಸಿದಂಥ ಬಾಗಿದ ಬಿರುಕು. ಮಡಚಿದರೆ ಮಾತ್ರ ಕಾಣುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಹುಡುಗ ಅದನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ. ಬರುವವರೆಲ್ಲ ಇದು ಎಥೆನಾಲ್ ಪೆಟ್ರೋಲಿನಿಂದಲೇ ಆಗಿದ್ದಾ ಅಂತ ಕೇಳಿದರು. ಎಥೆನಾಲ್ ಹಳೆ ಕಾಲದ ರಬ್ಬರಿಗೆ ಒಳ್ಳೆಯದಲ್ಲ ಅನ್ನುವುದು ನಿಜ. ಆದರೆ ಇಪ್ಪತ್ತೆರಡು ವರ್ಷ ಪೆಟ್ರೋಲಿನಲ್ಲಿ ನೆನೆದು, ಎಂಜಿನ್ ಬಿಸಿಯಲ್ಲಿ ಬೆಂದು, ಲಕ್ಷಾಂತರ ಸಲ ಮಡಚಿದ ರಬ್ಬರ್ ಹರಿಯಲು ಬೇರೆ ಕಾರಣ ಬೇಕಾಗಿಲ್ಲ.

ಹಾಕಿದ್ದು, ಅಳೆದದ್ದು, ಉಳಿದದ್ದು

ಹೊಸ ರೆಗ್ಯುಲೇಟರ್, ಇಂಜೆಕ್ಟರುಗಳಿಗೆ ಹೊಸ ಓ-ರಿಂಗ್, ಗಟ್ಟಿಯಾಗಿದ್ದ ಮೂರು ರಬ್ಬರ್ ಪೈಪುಗಳ ಜಾಗಕ್ಕೆ ಇಂಜೆಕ್ಷನ್ ಗಾಡಿಗೆಂದೇ ಬರುವ ಪೈಪ್. ಕಾರ್ಬುರೇಟರ್ ಗಾಡಿಯ ಪೈಪ್ ನೋಡಲು ಹಾಗೇ ಇರುತ್ತದೆ, ಈ ಪ್ರೆಷರ್ ತಡೆಯುವುದಿಲ್ಲ. ಓ-ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ ಕೂರಿಸಿದೆವು, ಇಲ್ಲದಿದ್ದರೆ ಒತ್ತುವಾಗ ಅಂಚು ಕೊಯ್ದುಹೋಗುತ್ತದೆ. ಸೆಲ್ಫ್ ಹೊಡೆಯುವ ಮೊದಲೇ ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿದೆವು. ಪೆಟ್ರೋಲ್ ಸೇರಿದ ಆಯಿಲ್ ಹಾಗೇ ಇದ್ದರೆ ಅದರ ಆವಿ ಪಿಸಿವಿ ಪೈಪಿನಿಂದ (ಎಂಜಿನ್ ತಳದ ಆವಿಯನ್ನು ಹೊರಗೆಳೆಯುವ ಪೈಪ್) ಮತ್ತೆ ಇನ್‌ಟೇಕಿಗೆ ಹೋಗುತ್ತದೆ, ಆಕ್ಸಿಜನ್ ಸೆನ್ಸರ್ ಮತ್ತೆ ಪೆಟ್ರೋಲ್ ಜಾಸ್ತಿ ಅನ್ನುತ್ತದೆ, ನಾವು ಮತ್ತೆ ದಾರಿ ತಪ್ಪುತ್ತೇವೆ.

ಗೇಜ್: ಚಾವಿ ಆನ್‌ನಲ್ಲಿ 2.9. ಐಡ್ಲಿಂಗ್ 2.4. ವ್ಯಾಕ್ಯೂಮ್ ಪೈಪ್ ಎಳೆದರೆ ಮತ್ತೆ 2.9. ಬಂದ್ ಮಾಡಿ ಹತ್ತು ನಿಮಿಷದ ಮೇಲೆ 2.3. ಮಟಮಟ ಮಧ್ಯಾಹ್ನ ಧಾರವಾಡಕ್ಕೆ ಹೋಗಿ ಜುಬಿಲಿ ಸರ್ಕಲ್ ಹತ್ತಿರ ಬಿಸಿಲಲ್ಲೇ ನಿಲ್ಲಿಸಿ ಐದು ನಿಮಿಷಕ್ಕೊಮ್ಮೆ, ಹತ್ತಕ್ಕೊಮ್ಮೆ, ಇಪ್ಪತ್ತಕ್ಕೊಮ್ಮೆ ಸೆಲ್ಫ್ ಹೊಡೆದೆ. ಪ್ರತಿ ಸಲವೂ ಮುಟ್ಟಿದ ಕೂಡಲೇ ಹಿಡಿಯಿತು. ಗಾಡಿ ಕೊಟ್ಟೆವು. ನಮ್ಮ ಬಿಲ್ ಎಲ್ಲ ಸೇರಿ 6,200 ರೂಪಾಯಿ. ಸೆನ್ಸರ್ ಹಿಂದೆ ಓಡಿದ ಮೊದಲ ದಿನದ ಕೂಲಿ ಹಾಕಲಿಲ್ಲ, ಅದು ನಮ್ಮ ತಪ್ಪು.

ಇಲ್ಲಿಗೆ ಮುಗಿಯಲಿಲ್ಲ. ಎರಡು ವಾರದ ಮೇಲೆ ಮಾಸ್ತರು ಪುಸ್ತಕ ಹಿಡಿದೇ ಬಂದರು. ಚಾಲೂ ಆಗುವುದು ಪೂರ್ತಿ ಸರಿ, ಲೈಟ್ ಹತ್ತಿಲ್ಲ, ಆದರೆ ಆ್ಯವರೇಜ್ 13.8. "ಇನ್ನೂ ಎರಡು ಎಲ್ಲಿ ಹೋತಪಾ?" ಬೇರೆಯವರಾದರೆ ಹತ್ತೂವರೆಯಿಂದ ಇಷ್ಟಕ್ಕೆ ಬಂತಲ್ಲ ಅಂತ ಬಿಡುತ್ತಿದ್ದರು. ಮತ್ತೆ ಮಲ್ಟಿಮೀಟರ್ ಹಚ್ಚಿದೆ. ವೋಲ್ಟೇಜ್ ಈಗ ಓಡಾಡುತ್ತಿದೆ, ಆದರೆ ಬಹಳ ನಿಧಾನ. ಎಂಜಿನ್ನನ್ನು 2,500 ಆರ್‌ಪಿಎಮ್‌ನಲ್ಲಿ ಹಿಡಿದರೂ ಹತ್ತು ಸೆಕೆಂಡಿಗೆ ಎರಡು ಸಲ ಮಾತ್ರ. ನಕಲು ಸೆನ್ಸರ್. ನಮ್ಮ ಪರೀಕ್ಷೆಯ ಸೆನ್ಸರ್ ವಾಪಸ್ ತೆಗೆದು ಅದನ್ನೇ ಮತ್ತೆ ಹಾಕಿ ಕಳಿಸಿದ್ದೆವು.

"ಸರ್, ಮಾರ್ಚ್‌ನ್ಯಾಗ ತಗದ ಹಳೇದು ಏನ್ ಮಾಡಿದ್ರಿ?" ಅಂತ ಕೇಳಿದೆ. ಮಾಸ್ತರು ಡಿಕ್ಕಿ ತೆಗೆದು, ಸ್ಟೆಪ್ನಿ ಪಕ್ಕದಿಂದ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಒಂದು ಪೊಟ್ಟಣ ಕೊಟ್ಟರು. ತುದಿ ಮಸಿ ಹಿಡಿದು ಕರ್ರಗಾಗಿತ್ತು. ಹಾಕಿದೆವು. ಎಂಜಿನ್ ಬಿಸಿಯಾಗಿ ಆ ಮಸಿ ಸುಟ್ಟುಹೋಗಲು ಕಾಲು ಗಂಟೆ ಹಿಡಿಯಿತು. ಆಮೇಲೆ ವೋಲ್ಟೇಜ್ ಹತ್ತು ಸೆಕೆಂಡಿಗೆ ಒಂಬತ್ತು ಸಲ ಮೇಲೆ ಕೆಳಗೆ ಆಯಿತು. 22 ವರ್ಷ ಹಳೆಯ, ಕಂಪನಿಯದೇ ಸೆನ್ಸರ್.

ಈಗ ನಮ್ಮಲ್ಲಿ ಸರದಿ ಬದಲಾಗಿದೆ. ರಿಟರ್ನ್ ಪೈಪ್ ಇರುವ ಹಳೆ ಇಂಜೆಕ್ಷನ್ ಗಾಡಿ ಆ್ಯವರೇಜ್ ಕಡಿಮೆ, ಕರಿ ಹೊಗೆ, ಬಿಸಿಯಲ್ಲಿ ತೊಂದರೆ ಅಂತ ಬಂದರೆ, ಎಂಜಿನ್ ಬಂದ್ ಮಾಡಿ ಮೊದಲು ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಎಳೆದು ಒಳಗೆ ಒದ್ದೆ ಇದೆಯಾ ನೋಡುತ್ತೇವೆ, ಆಮೇಲೆ ಆಯಿಲ್ ಕಡ್ಡಿ ಮೂಸುತ್ತೇವೆ, ಆಮೇಲೆ ಗೇಜ್ ಹಚ್ಚಿ ಬಂದ್ ಮಾಡಿ ಹತ್ತು ನಿಮಿಷ ಕಾಯುತ್ತೇವೆ. ಲೈಟ್ ಎಣಿಸುವುದು ಇವೆಲ್ಲ ಆದ ಮೇಲೆ. ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುವ, ರಿಟರ್ನ್ ಪೈಪ್ ಇಲ್ಲದ ಗಾಡಿಗಳಿಗೆ ಪೈಪ್ ಎಳೆಯುವ ಪರೀಕ್ಷೆ ಬರುವುದಿಲ್ಲ. ಅಲ್ಲಿ ಪರದೆ ಹರಿದರೂ ಪೆಟ್ರೋಲ್ ಟ್ಯಾಂಕಿಗೇ ಬೀಳುತ್ತದೆ, ಲಕ್ಷಣ ಬೇರೆ. ಮತ್ತೆ, ಮಾಲೀಕರು ಹೇಳುವುದನ್ನು ಜಾಬ್ ಕಾರ್ಡಿನಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇವೆ. ಹುಡುಗನಿಗೆ ಆ ಕೆಲಸ ಕೊಟ್ಟಿದ್ದೇನೆ.

ಜುಲೈನಲ್ಲಿ ಮಾಸ್ತರು ಪುಸ್ತಕದ ಪುಟದ ಫೋಟೋ ಕಳಿಸಿದರು. ಎರಡು ಸಲ ಟ್ಯಾಂಕ್ ತುಂಬಿಸಿದ ಲೆಕ್ಕ, ಕೆಂಪು ಶಾಯಿಯಲ್ಲಿ 15.6, ಅದರ ಕೆಳಗೆ 15.9.